ಮೂರು ಬಾರಿ ಕಳುವಾದ ಸಾಲುಮರಗಳ ಚಿತ್ರ

ಪ್ಯಾರಿಸ್‌ನ ಆಗ್ನೇಯಕ್ಕೆ, ಲ್ವಾಂಗ್ ನದಿ ಸೇನ್ ನದಿಯನ್ನು ಕೂಡುವ ಜಾಗದ ಸಮೀಪದಲ್ಲಿ, ಮೊರೆ-ಸುರ್-ಲ್ವಾಂಗ್ ಎಂಬ ಹಳೆಯ ಊರಿದೆ. ಇಂಗ್ಲಿಷ್ ದಂಪತಿಯ ಮಗನಾಗಿ ಪ್ಯಾರಿಸ್‌ನಲ್ಲಿ ಹುಟ್ಟಿದ ಇಂಪ್ರೆಷನಿಸ್ಟ್ (ಬೆಳಕಿನ ಕ್ಷಣಿಕ ಛಾಯೆಗಳನ್ನು ಹಿಡಿಯುವ ಪಂಥದ) ಕಲಾವಿದ ಆಲ್ಫ್ರೆಡ್ ಸಿಸ್ಲೆ 1880ರ ದಶಕದಲ್ಲಿ ಈ ಸೀಮೆಗೆ ಬಂದವರು, 1899ರಲ್ಲಿ ತೀರಿಕೊಳ್ಳುವವರೆಗೂ ಅಲ್ಲಿನ ಸೇತುವೆ, ಚರ್ಚು, ಹೊಳೆದಂಡೆಗಳನ್ನೇ ಮತ್ತೆ ಮತ್ತೆ ಬರೆದರು. ಊರ ಹೊರಗಿನ ಪಾಪ್ಲರ್ ಸಾಲುಮರಗಳನ್ನು ಅವರು 1890ರಲ್ಲಿ ಬರೆದ ಚಿತ್ರವೊಂದು ಮುಂದೆ ಮೂರು ಸಲ ಕಳ್ಳರ ಪಾಲಾಯಿತು.

ಬದುಕಿದ್ದಾಗ ಸಿಸ್ಲೆ ಬಡತನದಲ್ಲೇ ದಿನ ದೂಡಿದರು. ಅವರು ತೀರಿಕೊಂಡ ಮರುವರ್ಷವೇ, ಸೇನ್ ದಂಡೆಯ ಪೋರ್-ಮಾರ್ಲಿ ಊರಿಗೆ ನೆರೆ ಬಂದಾಗ ಅವರು ಬರೆದಿದ್ದ ಚಿತ್ರ 43,000 ಫ್ರಾಂಕ್‌ಗೆ ಹರಾಜಾಯಿತು. ಕಳ್ಳರ ಕಣ್ಣು ಬೀಳುವಷ್ಟು ಬೆಲೆ ಈ ನದೀತೀರಗಳಿಗೆ ಬಂದದ್ದು ಹೀಗೆ, ಕಲಾವಿದನ ಕಾಲಾನಂತರ.

ಸಾಲುಮರಗಳ ಚಿತ್ರದ ಒಡೆತನ ಪ್ಯಾರಿಸ್‌ನ ಓರ್ಸೆ ಮ್ಯೂಸಿಯಂನದು. ಆದರೆ ರಾಷ್ಟ್ರೀಯ ಸಂಗ್ರಹದ ಕೃತಿಗಳು ರಾಜಧಾನಿಯಲ್ಲೇ ಉಳಿಯಬಾರದೆಂಬ ವಿಚಾರ ಫ್ರಾನ್ಸ್‌ನಲ್ಲಿ ಹಳೆಯದು. 1801ರಲ್ಲೇ ಸಚಿವ ಶಾಪ್ತಾಲ್ ಅವರ ಆದೇಶದಂತೆ 15 ನಗರಗಳಿಗೆ ಚಿತ್ರಗಳು ಹಂಚಿಕೆಯಾಗಿದ್ದವು. ಇಂಥದೇ ಎರವಲಿನ ಮೇಲೆ ಸಿಸ್ಲೆಯ ಚಿತ್ರವೂ ದಕ್ಷಿಣದ ನಗರಗಳಿಗೆ ಹೋಯಿತು. 1978ರಲ್ಲಿ ಮಾರ್ಸೇಯಲ್ಲಿ ಕಳುವಾಗಿ, ಕೆಲವೇ ದಿನಗಳಲ್ಲಿ ಅದೇ ನಗರದ ಒಳಚರಂಡಿಯಲ್ಲಿ ಸಿಕ್ಕಿತು. 1998ರಲ್ಲಿ ನೀಸ್‌ನ ಲಲಿತಕಲಾ ಮ್ಯೂಸಿಯಂನಿಂದ, ಇನ್ನೊಬ್ಬ ಇಂಪ್ರೆಷನಿಸ್ಟ್ ಕಲಾವಿದ ಮೋನೆಯ ಚಿತ್ರವೊಂದರ ಜೊತೆಗೆ, ಕಾಣೆಯಾಯಿತು. ಆ ಪ್ರಕರಣದಲ್ಲಿ ಶಿಕ್ಷೆಗೊಳಗಾದವರಲ್ಲಿ ಮ್ಯೂಸಿಯಂನ ಸಂಗ್ರಹದ ಹೊಣೆ ಹೊತ್ತ ಕ್ಯುರೇಟರ್ ಕೂಡ ಇದ್ದರೆಂಬುದು ನನ್ನ ಮಟ್ಟಿಗೆ ಈ ಕಥೆಯ ಅತ್ಯಂತ ನೋವಿನ ಭಾಗ, ಏಕೆಂದರೆ ಕಾವಲಿಗೆ ನಿಂತವರ ಮೇಲಿನ ನಂಬಿಕೆಯಿಲ್ಲದೆ ಯಾವ ಎರವಲೂ ನಡೆಯದು. 2007ರ ಆಗಸ್ಟ್ 5ರ ಭಾನುವಾರ ಮುಸುಕುಧಾರಿಗಳು ಅದೇ ಮ್ಯೂಸಿಯಂಗೆ ನುಗ್ಗಿ, ಅವೇ ಎರಡು ಚಿತ್ರಗಳ ಜೊತೆ ಹಳೆಯ ಫ್ಲೆಮಿಶ್ ಕಲಾವಿದ ಯಾನ್ ಬ್ರೂಗೆಲ್‌ನ ಎರಡನ್ನೂ ಒಯ್ದರು.

ಇಷ್ಟು ಹೆಸರಾದ ಚಿತ್ರವನ್ನು ಬಹಿರಂಗ ಮಾರುಕಟ್ಟೆಯಲ್ಲಿ ಕೊಳ್ಳುವವರಿಲ್ಲ. ಹಾಗಾಗಿ ಕದ್ದವರು ಗುಟ್ಟಾಗಿ ಗಿರಾಕಿ ಹುಡುಕಬೇಕಾಗುತ್ತದೆ, ಸಿಕ್ಕಿಬೀಳುವುದೂ ಬಹಳ ಸಲ ಅಲ್ಲಿಯೇ. ಈ ಬಾರಿ ಅಮೆರಿಕದ ಎಫ್‌ಬಿಐನ ಮಾರುವೇಷದ ಅಧಿಕಾರಿಗಳು ಕೊಳ್ಳುವವರಂತೆ ನಟಿಸಿ, ಫ್ಲಾರಿಡಾದಲ್ಲಿದ್ದ ಫ್ರೆಂಚ್ ದಲ್ಲಾಳಿಯೊಬ್ಬನ ಮೂಲಕ ಜಾಡು ಹಿಡಿದರು. 2008ರ ಜೂನ್‌ನಲ್ಲಿ ನಾಲ್ಕೂ ಚಿತ್ರಗಳು ದೊರೆತವು. ಅವು ಸಿಕ್ಕ ಊರು, ಮೂವತ್ತು ವರ್ಷಗಳ ಹಿಂದಿನಂತೆಯೇ, ಮಾರ್ಸೇ.