‘5 ನಿಮಿಷದಲ್ಲಿ ಆಟೊ’ ಜಾಹೀರಾತಿಗೆ 10 ಲಕ್ಷ ದಂಡ ಬಿದ್ದಿದ್ದು ಹೇಗೆ?

‘5 ನಿಮಿಷದಲ್ಲಿ ಆಟೊ, ಇಲ್ಲದಿದ್ದರೆ 50 ರೂಪಾಯಿ.’ ರ‍್ಯಾಪಿಡೋ ಕಂಪನಿಯ ಈ ಜಾಹೀರಾತು ನಿಮಗೂ ನೆನಪಿರಬಹುದು. ಆಟೊ ತಡವಾದರೆ ಕೈಗೆ 50 ರೂಪಾಯಿ ಬರುತ್ತಿತ್ತಾ? ಇಲ್ಲ. ಬರುತ್ತಿದ್ದದ್ದು ‘50 ರೂಪಾಯಿವರೆಗೆ’ ಬೆಲೆಯ, ರ‍್ಯಾಪಿಡೋ ಆ್ಯಪ್‌ನಲ್ಲಷ್ಟೇ ನಡೆಯುವ ಕಾಯಿನ್. ಅದನ್ನೂ 7 ದಿನದೊಳಗೆ, ಬೈಕ್ ಸವಾರಿಗೆ ಮಾತ್ರ ಬಳಸಬೇಕು. ಆಟೊಗೆ ಕಾದು ಕೂತವರಿಗೆ ಬೈಕಿನ ರಿಯಾಯಿತಿ! ಇನ್ನು ಗ್ಯಾರಂಟಿ ಕೊಡುತ್ತಿರುವುದು ಕಂಪನಿಯಲ್ಲ, ಆಟೊ ಓಡಿಸುವವರು ಅಂತ ಷರತ್ತುಗಳಲ್ಲಿ ಬರೆದಿತ್ತು.

ಈ ಜಾಹೀರಾತು 120ಕ್ಕೂ ಹೆಚ್ಚು ನಗರಗಳಲ್ಲಿ 548 ದಿನ ಓಡಿತು. 2025ರ ಆಗಸ್ಟ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ (ಸಿಸಿಪಿಎ) ಕಂಪನಿಗೆ 10 ಲಕ್ಷ ರೂಪಾಯಿ ದಂಡ ಹಾಕಿತು. 50 ರೂಪಾಯಿ ಸಿಗದ ಗ್ರಾಹಕರಿಗೆ ಪೂರ್ತಿ ಹಣ ಕೊಡಿ ಅಂತಲೂ ಹೇಳಿತು. ನನಗೆ ದಂಡಕ್ಕಿಂತ ಈ ಎರಡನೇ ಮಾತೇ ದೊಡ್ಡದಾಗಿ ಕಂಡಿತು. ಅಲ್ಲಿಗೆ ಬರೋಕೆ ನಮ್ಮ ಕಾನೂನಿಗೆ ಸುಮಾರು 70 ವರ್ಷ ಹಿಡಿದಿದೆ.

ಶುರುವಾಗಿದ್ದು ಔಷಧಿಯಿಂದ. ಸಕ್ಕರೆ ಕಾಯಿಲೆ, ರಕ್ತದೊತ್ತಡ ವಾಸಿ ಮಾಡುತ್ತೇವೆ, ಎತ್ತರ ಹೆಚ್ಚಿಸುತ್ತೇವೆ ಅಂತ ಜಾಹೀರಾತು ಕೊಡುವುದನ್ನು 1954ರ ಕಾಯ್ದೆಯೇ ನಿಷೇಧಿಸಿತು. ಬಸ್‌ಸ್ಟ್ಯಾಂಡ್ ಗೋಡೆ ನೋಡಿದರೆ ಆ ಕಾನೂನು ಎಷ್ಟು ಜಾರಿಯಾಗಿದೆ ಅಂತ ಗೊತ್ತಾಗುತ್ತದೆ, ಅಲ್ವಾ?

ಉಳಿದ ಸರಕಿನ ಜಾಹೀರಾತಿಗೆ ಲಗಾಮು ಬಿದ್ದಿದ್ದು 1984ರಲ್ಲಿ. ಕಂಪನಿ ಕಾನೂನುಗಳನ್ನು ಪರಿಶೀಲಿಸಿದ ಸಾಚಾರ್ ಸಮಿತಿಯ ಸಲಹೆಯಂತೆ, ವ್ಯಾಪಾರದಲ್ಲಿ ಏಕಸ್ವಾಮ್ಯ ತಡೆಯುವ ಎಂಆರ್‌ಟಿಪಿ ಕಾಯ್ದೆಗೆ ‘ಅನುಚಿತ ವ್ಯಾಪಾರ ಪದ್ಧತಿ’ ಅನ್ನೋ ಅಧ್ಯಾಯ ಸೇರಿತು. ಆದರೆ ಇಡೀ ದೇಶಕ್ಕೆ ದೆಹಲಿಯ ಒಂದೇ ಆಯೋಗ. ಅದರ ಮುಖ್ಯ ಅಸ್ತ್ರ ‘ಇನ್ನು ಮುಂದೆ ಹೀಗೆ ಮಾಡಬೇಡಿ’ ಅನ್ನೋ ಆದೇಶ. 1985ರಲ್ಲಿ ಜಾಹೀರಾತು ಉದ್ಯಮವೇ ತನ್ನ ನಿಗಾಕ್ಕೆ ಎಎಸ್‌ಸಿಐ ಅನ್ನೋ ಮಂಡಳಿ ಕಟ್ಟಿಕೊಂಡಿತು. ಅದಕ್ಕೆ ದಂಡ ಹಾಕುವ ಅಧಿಕಾರ ಇಲ್ಲ.

1986ರ ಗ್ರಾಹಕ ಸಂರಕ್ಷಣಾ ಕಾಯ್ದೆ ಜಿಲ್ಲೆಗೊಂದು ವೇದಿಕೆ ಕೊಟ್ಟಿತು. ಫ್ರಿಜ್ ಕೆಟ್ಟವರಿಗೆ, ವಿಮೆ ಹಣ ಸಿಗದವರಿಗೆ ಅದು ದೊಡ್ಡ ಆಸರೆ. ಆದರೆ 50 ರೂಪಾಯಿ ಕಳಕೊಂಡವರು ಆ ಮೆಟ್ಟಿಲು ಹತ್ತುತ್ತಾರಾ? ಅರ್ಧ ದಿನದ ಕೂಲಿ ಹೋಗುತ್ತದೆ, ಆಟೊ ಖರ್ಚೇ 50 ದಾಟುತ್ತದೆ. ಒಬ್ಬೊಬ್ಬರಿಗೂ ಚಿಲ್ಲರೆ ನಷ್ಟ, ಕಂಪನಿಗೆ ಗಂಟು ಲಾಭ. ಸುಳ್ಳು ಜಾಹೀರಾತು ಬದುಕುವುದೇ ಈ ಲೆಕ್ಕದ ಮೇಲೆ.

2019ರ ಹೊಸ ಕಾಯ್ದೆ ಕೈ ಹಾಕಿದ್ದು ಇಲ್ಲಿಗೇ. 2020ರ ಜುಲೈನಲ್ಲಿ ಹುಟ್ಟಿದ ಸಿಸಿಪಿಎ ಯಾರ ದೂರಿಗೂ ಕಾಯಬೇಕಿಲ್ಲ. ತಾನೇ ತನಿಖೆ ಮಾಡಿಸಬಹುದು, ಎಲ್ಲ ಗ್ರಾಹಕರ ಪರವಾಗಿ ಆದೇಶ ಕೊಡಬಹುದು. ದಂಡ ಮೊದಲ ಸಲ 10 ಲಕ್ಷದವರೆಗೆ, ಮತ್ತೆ ಸಿಕ್ಕಿಬಿದ್ದರೆ 50 ಲಕ್ಷದವರೆಗೆ. ಜಾಹೀರಾತಿನಲ್ಲಿ ಮುಖ ತೋರಿಸಿದ ತಾರೆಯೂ ಹೊಣೆಗಾರ: ವಿಚಾರಿಸದೆ ಹೊಗಳಿದರೆ ಒಂದು ವರ್ಷ ಯಾವ ಜಾಹೀರಾತಿನಲ್ಲೂ ಕಾಣದಂತೆ ತಡೆಯಬಹುದು. ದೊಡ್ಡ ಕಂಪನಿಗೆ 10 ಲಕ್ಷ ಏನೂ ಅಲ್ಲ, ನಿಜ. ಹಣ ವಾಪಸ್ ಕೊಡಿ ಅಂದಾಗ ಮಾತ್ರ ಲೆಕ್ಕ ತಿರುಗುತ್ತದೆ.

ಅಕ್ಷರದ ಗಾತ್ರವೂ ಈ ಕಥೆಯಲ್ಲಿ ಮತ್ತೆ ಮತ್ತೆ ಬರುತ್ತದೆ. 2024ರಲ್ಲಿ ಪತಂಜಲಿ ಕಂಪನಿಯ ದಾರಿ ತಪ್ಪಿಸುವ ಔಷಧಿ ಜಾಹೀರಾತುಗಳ ಪ್ರಕರಣದಲ್ಲಿ ಬಾಬಾ ರಾಮದೇವ್ ಪತ್ರಿಕೆಗಳಲ್ಲಿ ಕ್ಷಮಾಪಣೆ ಹಾಕಿಸಿದರು. ನಿಮ್ಮ ಜಾಹೀರಾತಿನಷ್ಟೇ ದೊಡ್ಡದಾಗಿ ಇದನ್ನೂ ಹಾಕಿಸಿದ್ದೀರಾ ಅಂತ ಸುಪ್ರೀಂ ಕೋರ್ಟ್ ಕೇಳಿತು. ಆಮೇಲೆ ಇನ್ನೂ ದೊಡ್ಡ ಕ್ಷಮಾಪಣೆ ಬಂತು.

ಸಿಸಿಪಿಎಯ 2022ರ ಜೂನ್ 9ರ ಮಾರ್ಗಸೂಚಿಯಲ್ಲೂ ಇದೇ ಮಾತಿದೆ. ಷರತ್ತು ಕಣ್ಣಿಗೆ ಬೀಳುವಂತಿರಬೇಕು, ಜಾಹೀರಾತಿನ ಮಾತು ಯಾವ ಭಾಷೆಯಲ್ಲಿದೆಯೋ ಷರತ್ತೂ ಅದೇ ಭಾಷೆಯಲ್ಲಿರಬೇಕು. ಮುಖ್ಯ ಮಾತು ಸುಳ್ಳಾಗಿದ್ದರೆ ಕೆಳಗಿನ ಷರತ್ತು ಅದನ್ನು ನಿಜ ಮಾಡುವುದಿಲ್ಲ. ಈ ನಿಯಮ ಊರಿನ ಬಟ್ಟೆ ಅಂಗಡಿಗೂ ಅನ್ವಯ. ಮೊನ್ನೆ ಪೇಪರ್ ಜೊತೆ ಅಂಥದ್ದೊಂದು ಅಂಗಡಿಯ ಪಾಂಪ್ಲೆಟ್ ಬಂದಿತ್ತು. ‘50% ರಿಯಾಯಿತಿ’ ಅಂಗೈ ಅಗಲ, ಪಕ್ಕದ ‘ವರೆಗೆ’ ಇರುವೆ ಗಾತ್ರ. ಷರತ್ತುಗಳು ಕೆಳಗೆ, ಇಂಗ್ಲಿಷಿನಲ್ಲಿ. ಇಂಥದ್ದಕ್ಕೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಡಬಹುದು.