‘ವಾಡಿಕೆಗಿಂತ ಹೆಚ್ಚು’ ಅಂದರೆ ಎಷ್ಟು? ಬಿಸಿಲುನಾಡಿನ ಬೇಸಿಗೆ ಮುನ್ನೋಟದ ಹಿನ್ನೆಲೆ

ತುಂಗಭದ್ರಾ ಅಣೆಕಟ್ಟೆಯ ಹೊಸಪೇಟೆ ದಂಡೆಯಿಂದ ಮುನಿರಾಬಾದ್ ದಂಡೆಗೆ ಬಂದರೆ ಬಿಸಿಲೇನೂ ಬದಲಾಗುವುದಿಲ್ಲ, ಹವಾಮಾನ ಇಲಾಖೆಯ ಉಪವಿಭಾಗ ಬದಲಾಗುತ್ತದೆ. ಕೊಪ್ಪಳ, ರಾಯಚೂರು ‘ಉತ್ತರ ಒಳನಾಡು’. ಹೊಸಪೇಟೆ, ಬಳ್ಳಾರಿ, ಸಿರುಗುಪ್ಪ ‘ದಕ್ಷಿಣ ಒಳನಾಡು’. ಅಂದರೆ ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸು ಮಳೆ ಕಾಣುವ ಬಳ್ಳಾರಿ, ಕೊಡಗು ಮತ್ತು ಆಗುಂಬೆಯ ಜೊತೆ ಒಂದೇ ಪಂಕ್ತಿಯಲ್ಲಿ. ಇತ್ತ ರಾಯಚೂರಿನ ಪಂಕ್ತಿಯಲ್ಲಿ ಖಾನಾಪುರದ ಕಾಡು. ಸರ್ಕಾರಿ ಕಚೇರಿಯ ಗಡಿಯಾರಕ್ಕೆ ಮಾತ್ರ ಬಳ್ಳಾರಿ ಕಲಬುರಗಿಯ ಕಡೆಯದು. ಏಪ್ರಿಲ್, ಮೇ ಬಂದರೆ ಬೆಳಿಗ್ಗೆ 8ಕ್ಕೆ ಬಾಗಿಲು ತೆಗೆದು ಮಧ್ಯಾಹ್ನ 1.30ಕ್ಕೆ ಹಾಕುವ ಜಿಲ್ಲೆಗಳಲ್ಲಿ ಅದೂ ಒಂದು.

ಪ್ರತಿ ವರ್ಷ ಏಪ್ರಿಲ್ ಹೊತ್ತಿಗೆ ಸುದ್ದಿ ಬರುತ್ತದೆ: ಈ ಬೇಸಿಗೆ ವಾಡಿಕೆಗಿಂತ ಬಿಸಿ. ಆ ತಲೆಬರಹವನ್ನು ನಾನೂ ಎಷ್ಟೋ ಸಲ ಬರೆದಿದ್ದೇನೆ, ಇಸವಿ ಮಾತ್ರ ತಿದ್ದಿ. ಮರುದಿನ ಚಹಾದ ಅಂಗಡಿಯಲ್ಲಿ ಬರುವ ಪ್ರಶ್ನೆಯೂ ಅದೇ: “ಹೌದ್ರಿ, ಅದ್ರಾಗ ನಮ್ದೆಷ್ಟು?”

ಹವಾಮಾನ ಇಲಾಖೆ ಹುಟ್ಟಿದ್ದು 1875ರಲ್ಲಿ. ಮರುವರ್ಷವೇ ಶುರುವಾದ ಮಹಾಕ್ಷಾಮ ಬಳ್ಳಾರಿ ಸೀಮೆಯನ್ನು ಹಿಂಡಿ ಹಾಕಿತು. 1886ರಲ್ಲಿ ಇಲಾಖೆಯ ಮೊದಲ ಮುಖ್ಯಸ್ಥ ಬ್ಲಾನ್‌ಫೋರ್ಡ್ ಹಿಮಾಲಯದ ಹಿಮ ನೋಡಿ ಮುಂಗಾರಿನ ಮೊದಲ ಮುನ್ಸೂಚನೆ ಕೊಟ್ಟರು. ಮುಂದೆ ಇಲಾಖೆಯ ಮುಖ್ಯಸ್ಥರಾಗಿ ವಾಕರ್ ಬಂದರು, ಪೆಸಿಫಿಕ್ ಸಾಗರದ ಲೆಕ್ಕ ಬಂತು, ಉಪಗ್ರಹ ಬಂತು. ಅಷ್ಟೂ ಕಾಲ ಎಲ್ಲರ ಕಣ್ಣು ಮಳೆಯ ಮೇಲೆ. ಬೇಸಿಗೆ ಎಂದರೆ ಮಳೆ ಬರುವ ತನಕ ಹಲ್ಲು ಕಚ್ಚಿ ಕೂರುವ ಕಾಲ, ಅಷ್ಟೇ.

ಬಿಸಿಲಿಗೂ ಸಾಯುತ್ತಾರೆ ಎಂಬುದು ಕಾಗದಕ್ಕೆ ಬರಲು ಹೆಣಗಳು ಬೇಕಾದವು. 1998ರಲ್ಲಿ ಒಡಿಶಾ, 2003ರಲ್ಲಿ ಆಂಧ್ರ, 2015ರಲ್ಲಿ ಮತ್ತೆ ಆಂಧ್ರ ಮತ್ತು ತೆಲಂಗಾಣ. 2015ರ ಸಾವುಗಳು ಎರಡು ಸಾವಿರ ದಾಟಿದವು, ಅದೂ ನಮ್ಮ ಪಕ್ಕದಲ್ಲೇ. 2013ರಲ್ಲೇ ಅಹಮದಾಬಾದ್ ತನ್ನದೇ ಬಿಸಿಲು ಕ್ರಿಯಾಯೋಜನೆ ಮಾಡಿಕೊಂಡಿತ್ತು. ಇಡೀ ಬೇಸಿಗೆಗೆ ಮುಂಚಿತವಾಗಿ ಮುನ್ನೋಟ ಕೊಡುವ ಪದ್ಧತಿ ಶುರುವಾದದ್ದು 2016ರಲ್ಲಿ. ಮಳೆಗೂ ಬಿಸಿಲಿಗೂ ನಡುವೆ 130 ವರ್ಷದ ಅಂತರ.

ಗೋಜಲು ಹೆಚ್ಚಿದ್ದು ಆಮೇಲೆ. ಈ ಮುನ್ನೋಟ ಪಂಚಾಂಗದ ಹಾಗೆ ‘ಇಂಥ ದಿನ ಇಷ್ಟು’ ಎನ್ನುವುದಿಲ್ಲ. ಸಮುದ್ರ ಮತ್ತು ವಾತಾವರಣ ಎರಡನ್ನೂ ಜೋಡಿಸಿ ಓಡಿಸುವ ಕಂಪ್ಯೂಟರ್ ಮಾದರಿಗಳು ಒಂದು ಸಾಧ್ಯತೆ ಹೇಳುತ್ತವೆ. ವಾಡಿಕೆಗಿಂತ ಕಡಿಮೆ, ವಾಡಿಕೆಯಷ್ಟು, ವಾಡಿಕೆಗಿಂತ ಹೆಚ್ಚು ಎಂದು ಮೂರು ಪಾಲು ಮಾಡಿ, ಯಾವುದರ ಕಡೆ ತಕ್ಕಡಿ ವಾಲಿದೆ ಎಂದು ನಕ್ಷೆಗೆ ಬಣ್ಣ ಬಳಿಯುತ್ತಾರೆ. ಕಡುಗೆಂಪು ಬಣ್ಣ ಕಂಡರೆ ಬಿಸಿಲು ಕಡು ಎಂದಲ್ಲ, ಹೆಚ್ಚಾಗುವ ಭರವಸೆ ಗಟ್ಟಿ ಎಂದು. ಅರ್ಧ ಡಿಗ್ರಿ ಹೆಚ್ಚಾದರೂ ‘ಹೆಚ್ಚು’ ಆಗಬಹುದು. ಸುದ್ದಿಮನೆಗೆ ಬರುವ ಹೊತ್ತಿಗೆ ಇದೆಲ್ಲ ಸೋರಿ ಹೋಗಿ ‘ಕೆಂಡದ ಮಳೆ’ ಎಂಬ ಎರಡು ಪದ ಉಳಿಯುತ್ತವೆ.

ಇನ್ನು ‘ವಾಡಿಕೆ’. ಅದು 30 ವರ್ಷದ ಸರಾಸರಿ, ಈಗ 1991ರಿಂದ 2020ರದ್ದು. ಬಯಲುಸೀಮೆಯಲ್ಲಿ ‘ಬಿಸಿಗಾಳಿ’ ಎಂದು ಘೋಷಿಸಲು ಪಾದರಸ 40 ಮುಟ್ಟಿರಬೇಕು, ಜೊತೆಗೆ ವಾಡಿಕೆಗಿಂತ 4.5 ಡಿಗ್ರಿಯಾದರೂ ಮೇಲಿರಬೇಕು. ಇಲ್ಲವೇ ನೇರವಾಗಿ 45 ಮುಟ್ಟಬೇಕು. ಅದೂ ಉಪವಿಭಾಗದ ಕನಿಷ್ಠ ಎರಡು ಕೇಂದ್ರಗಳಲ್ಲಿ, ಸತತ ಎರಡು ದಿನ. ಕರಾವಳಿಗೆ 37ರ ಮಿತಿ, ಗುಡ್ಡಗಾಡಿಗೆ 30. ರಾಯಚೂರಿಗೆ ಮೇ ತಿಂಗಳಲ್ಲಿ 40 ಡಿಗ್ರಿಯೇ ಹೆಚ್ಚುಕಡಿಮೆ ವಾಡಿಕೆ. ಲೆಕ್ಕ ಹಾಕಿ: ಇಲ್ಲಿ 43 ಡಿಗ್ರಿಯಲ್ಲಿ ಡಾಂಬರು ಚಪ್ಪಲಿಗೆ ಅಂಟುತ್ತಿದ್ದರೂ ಕಾಗದದಲ್ಲಿ ಬಿಸಿಗಾಳಿ ಇಲ್ಲ. ನಿತ್ಯ ಸುಡುವ ಊರಿಗೇ ಸುಡುತ್ತಿದೆ ಎಂಬ ಸರ್ಟಿಫಿಕೇಟ್ ಸಿಗುವುದು ಕಷ್ಟ.

ಇದರಲ್ಲಿ ತರ್ಕ ಇಲ್ಲದಿಲ್ಲ. ಮೈ ಒಗ್ಗಿದ ಬಿಸಿಲು ಬೇರೆ, ಒಗ್ಗದ್ದು ಬೇರೆ. ಆದರೆ ಎಪಿಎಂಸಿ ಅಂಗಳದಲ್ಲಿ ಮಧ್ಯಾಹ್ನ ಎರಡಕ್ಕೆ ಬೆನ್ನ ಮೇಲೆ ಚೀಲ ಹೊತ್ತ ಹಮಾಲರ ಮುಂದೆ ನಿಂತು ಈ ಒಗ್ಗುವಿಕೆಯ ಮಾತು ಆಡಲು ನನಗೆ ಬಾಯಿ ಬಂದಿಲ್ಲ.

ರಾತ್ರಿಯ ಕಥೆ ಇನ್ನೂ ಬೇರೆ. ಮುನ್ನೋಟದಲ್ಲಿ ಕನಿಷ್ಠ ತಾಪಮಾನದ ನಕ್ಷೆಯೂ ಇರುತ್ತದೆ, ಸುದ್ದಿಯಲ್ಲಿ ಇರುವುದಿಲ್ಲ. ಮಣ್ಣಿನ ಮಾಳಿಗೆ ಮನೆ ಒಳಗೆ ತಣ್ಣಗಿಡುತ್ತಿತ್ತು, ರಾತ್ರಿ ಮೇಲೆ ಹಾಸಿಗೆ ಹಾಸಿದರೆ ಗಾಳಿ ಸಿಗುತ್ತಿತ್ತು. ಈಗ ಆರ್‌ಸಿಸಿ. ನಮ್ಮ ಮನೆಯಲ್ಲಿ ಸಂಜೆ ಮಾಳಿಗೆಗೆ ನಾಲ್ಕು ಕೊಡ ನೀರು ಸುರಿದರೆ ಮೊದಲ ಕೊಡ ಹರಿಯುವುದೇ ಇಲ್ಲ, ಅಲ್ಲೇ ಆರುತ್ತದೆ. ಸಿಮೆಂಟು ಹಗಲೆಲ್ಲ ಕುಡಿದ ಕಾವನ್ನು ನಡುರಾತ್ರಿ ದಾಟಿದ ಮೇಲೂ ಒಳಗೆ ಬಿಡುತ್ತಲೇ ಇರುತ್ತದೆ. ಬಳ್ಳಾರಿಯಲ್ಲಾದರೆ ಗುಡ್ಡದ ಬಂಡೆಯೂ ಅದೇ ಕೆಲಸ ಮಾಡುತ್ತದೆ.

ಎರಡು ಉದಾಹರಣೆ ಸಾಕು. 2024ರ ಏಪ್ರಿಲ್‌ನಲ್ಲಿ ಇಲಾಖೆ, ಜೂನ್‌ವರೆಗಿನ ಮೂರು ತಿಂಗಳಲ್ಲಿ ವಾಡಿಕೆಯ 4ರಿಂದ 8 ದಿನಗಳ ಬದಲು ದೇಶದ ಬಯಲು ಪ್ರದೇಶಗಳಲ್ಲಿ 10ರಿಂದ 20 ದಿನ ಬಿಸಿಗಾಳಿ ಇರಬಹುದು ಎಂದು ಹೇಳಿ ಉತ್ತರ ಕರ್ನಾಟಕದ ಹೆಸರನ್ನೂ ಎತ್ತಿತು. ಹಾಗೇ ಆಯಿತು. ಹಿಂದಿನ ವರ್ಷದ ಬರಕ್ಕೆ ತುಂಗಭದ್ರೆಯ ಕಾಲುವೆ ಒಣಗಿ ಎರಡನೇ ಬೆಳೆಯೇ ಇರಲಿಲ್ಲ, ಮೇ 7ರಂದು ಜನ ಬೆಳಿಗ್ಗೆಯೇ ಲೋಕಸಭೆಗೆ ಓಟು ಹಾಕಿ ಮನೆ ಸೇರಿದರು. 2025ರಲ್ಲೂ ದೇಶದ ಹೆಚ್ಚಿನ ಕಡೆ ಬಿಸಿ ಹೆಚ್ಚು ಎಂದರು. ಮೇ ತಿಂಗಳಲ್ಲಿ ರಾಜ್ಯಕ್ಕೆ ದಾಖಲೆಯ ಮಳೆ ಸುರಿಯಿತು, ಮುಂಗಾರು 24ಕ್ಕೇ ಕೇರಳ ಮುಟ್ಟಿತು. ಮುನ್ನೋಟ ಸುಳ್ಳಾಯಿತು ಎಂದು ನಕ್ಕವರು ಬಹಳ. ಮೂರು ತಿಂಗಳ ಸರಾಸರಿಯ ಸಾಧ್ಯತೆಗೂ ಒಂದು ತಿಂಗಳ ಅಡ್ಡಮಳೆಗೂ ತಾಳೆ ಹಾಕುವುದು ನ್ಯಾಯವಲ್ಲ. ನಕ್ಕವರ ತಪ್ಪೂ ಅಲ್ಲ, ಅವರಿಗೆ ಸಾಧ್ಯತೆ ಎಂದು ಯಾರೂ ಬಿಡಿಸಿ ಹೇಳಿರಲಿಲ್ಲ.

ಅದೇ 2025ರಲ್ಲಿ ತೆಲಂಗಾಣ ಬಿಸಿಗಾಳಿಯನ್ನು ರಾಜ್ಯದ ವಿಪತ್ತೆಂದು ಘೋಷಿಸಿ ಸತ್ತವರ ಮನೆಗೆ 4 ಲಕ್ಷ ರೂಪಾಯಿ ಎಂದಿತು. ರಾಯಚೂರು ಬಳಿಯ ಶಕ್ತಿನಗರದಲ್ಲಿ ಕೃಷ್ಣೆಯ ಸೇತುವೆ ದಾಟಿದರೆ ಅದೇ ತೆಲಂಗಾಣ. ಅಣೆಕಟ್ಟೆಯ ಬಳಿ ಉಪವಿಭಾಗದ ಗೆರೆ, ಸೇತುವೆಯ ಬಳಿ ಪರಿಹಾರದ ಗೆರೆ. ಬಿಸಿಲಿನಿಂದಲೇ ಸತ್ತದ್ದು ಎಂದು ತೋರಿಸಲು ಮರಣೋತ್ತರ ಪರೀಕ್ಷೆ ಬೇಕು. ನಮ್ಮ ಹಳ್ಳಿಗಳಲ್ಲಿ ಮುದುಕರು ಮಧ್ಯಾಹ್ನ ಹೋದರೆ ಸಂಜೆಗೆ ಮಣ್ಣು.

ರೈತರು ಕೇಳುವ ಮುನ್ನೋಟವಂತೂ ಬಿಸಿಲಿನದ್ದೇ ಅಲ್ಲ. ಏಪ್ರಿಲ್‌ನಲ್ಲಿ ಸಿಂಧನೂರು, ಕಾರಟಗಿ, ಸಿರುಗುಪ್ಪದ ರಸ್ತೆಗಳಲ್ಲಿ ಒಂದು ಮಗ್ಗುಲು ಪೂರ್ತಿ ಭತ್ತ ಹರವಿರುತ್ತದೆ, ನಾಲ್ಕು ಮೂಲೆಗೆ ಕಲ್ಲಿಟ್ಟ ತಾಡಪತ್ರಿ ಪಕ್ಕದಲ್ಲಿ ಸುತ್ತಿಟ್ಟಿರುತ್ತದೆ. ಅವರಿಗೆ ಬೇಕಿರುವುದು ಅಡ್ಡಮಳೆ, ಆಲಿಕಲ್ಲಿನ ಸುಳಿವು. ವಿದರ್ಭದ ಕಡೆಯಿಂದ ಒಳನಾಡಿನುದ್ದಕ್ಕೂ ಗಾಳಿಯ ಒತ್ತಡ ತಗ್ಗಿದ ಒಂದು ಗೆರೆ ಇಳಿದಾಗ ಮಧ್ಯಾಹ್ನದ ಮೇಲೆ ಗುಡುಗು ಏಳುತ್ತದೆ. ಯಾವ ಊರ ಮೇಲೆ ಎಂದು ತಿಂಗಳ ಮುಂಚೆ ಹೇಳುವ ಯಂತ್ರ ಎಲ್ಲಿಯೂ ಇಲ್ಲ. ಜಿಲ್ಲಾವಾರು ಮುನ್ಸೂಚನೆ ಕೆಲವೇ ದಿನದ್ದು ಸಿಗುತ್ತದೆ. ಇಲಾಖೆಯ ಭಾಷೆಯಲ್ಲಿ ‘ಅಲ್ಲಲ್ಲಿ ಮಳೆ’ ಎಂದರೆ ಕಾಲುಭಾಗಕ್ಕಿಂತ ಹೆಚ್ಚಿಲ್ಲದ ಕೇಂದ್ರಗಳಲ್ಲಿ ಮಳೆ.

ಸಿಂಧನೂರಿನ ಹತ್ತಿರ ಒಂದು ಸಂಜೆ ನಾನು ಮೊಬೈಲ್ ನೋಡಿ ಅದನ್ನೇ ಓದಿ ಹೇಳಿದೆ. ಭತ್ತ ಕಾಯುತ್ತಿದ್ದ ಕಾಕಾ ಪಡುವಣದ ಮೋಡ ನೋಡುತ್ತ, “ಅಲ್ಲಲ್ಲಿ ಅಂದ್ರ ಎಲ್ಲೆಲ್ಲೋ ತಮ್ಮಾ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ತಾಡಪತ್ರಿಯ ಒಂದು ತುದಿ ನನ್ನ ಕೈಗೆ ಕೊಟ್ಟರು.