ದೊಡ್ಡಮ್ಮನ ಕಿವಿಗೆ ಎರಡು ರಿಪೋರ್ಟು

ಚಿಂತಾಮಣಿಯ ನಮ್ಮ ದೊಡ್ಡಮ್ಮನಿಗೆ ತಲೆಸುತ್ತು. ಕಿವಿಗೆ ನೀರು ಬಿಟ್ಟು ಸಮತೋಲ ನೋಡುವ ಕ್ಯಾಲೊರಿಕ್ ಟೆಸ್ಟ್ ಮಾಡಿಸಿದರು. ಒಂದು ಲ್ಯಾಬಿನ ರಿಪೋರ್ಟು ಬಲಗಿವಿ 30 ಪರ್ಸೆಂಟ್ ವೀಕ್ ಅಂದಿತು. ಹದಿನೈದು ದಿನ ಬಿಟ್ಟು ಇನ್ನೊಂದು ಕಡೆ ಮಾಡಿಸಿದರೆ ಬರೀ 7. "ಕಿವಿ ತಾನೇ ವಾಸಿ ಆಯ್ತೇನೋ, ಇಲ್ಲ ದುಡ್ಡು ದಂಡ ಆಯ್ತೋ?" ಎಂದು ನನ್ನನ್ನು ಕೇಳಿದರು.

ಒಳಗಿವಿಯಲ್ಲಿ ದ್ರವ ತುಂಬಿದ ಮೂರು ಬಾಗಿದ ಕೊಳವೆಗಳಿವೆ. ತಲೆ ಹೊರಳಿದರೆ ದ್ರವ ಕದಲುತ್ತದೆ, ಮಿದುಳಿಗೆ ಸುದ್ದಿ ಹೋಗುತ್ತದೆ, ಕಣ್ಣು ಅದಕ್ಕೆ ತಕ್ಕಂತೆ ಸರಿಯುತ್ತದೆ. ತಲೆ ಅಲ್ಲಾಡಿಸದೆಯೂ ಈ ದ್ರವವನ್ನು ಕದಲಿಸಬಹುದು. ಕಿವಿಗೆ ಬಿಸಿ ಅಥವಾ ತಣ್ಣೀರು ಬಿಟ್ಟರೆ ಸಾಕು. ವಿಯೆನ್ನಾದ ವೈದ್ಯ ರಾಬರ್ಟ್ ಬಾರಾನಿ ಕಿವಿ ತೊಳೆಯುವಾಗ ಇದನ್ನು ಗಮನಿಸಿದ. ತಣ್ಣೀರಿಗೆ ಕಣ್ಣು ಒಂದು ಕಡೆ ಎಗರಿದರೆ, ಬಿಸಿನೀರಿಗೆ ಇನ್ನೊಂದು ಕಡೆ. ಇದಕ್ಕೆ 1914ರ ನೊಬೆಲ್ ಬಂತು. ಸುದ್ದಿ ಮುಟ್ಟಿದಾಗ ಪಾಪ, ಆತ ರಷ್ಯಾದಲ್ಲಿ ಯುದ್ಧಕೈದಿ!

1942ರಲ್ಲಿ ಫಿಟ್ಜ್‌ಜೆರಾಲ್ಡ್ ಮತ್ತು ಹಾಲ್‌ಪೈಕ್ ಎಂಬ ವೈದ್ಯರು ಈ ಪರೀಕ್ಷೆಗೆ ನೀರಿನ ಬಿಸಿಯನ್ನು ಗೊತ್ತು ಮಾಡಿದರು. ಮೈಬಿಸಿ 37 ಡಿಗ್ರಿಗಿಂತ ಏಳು ಕೆಳಗೆ, ಏಳು ಮೇಲೆ: 30 ಮತ್ತು 44. ಒಂದೊಂದು ಕಿವಿಗೆ ಎರಡೆರಡು ಸಲ, ಒಟ್ಟು ನಾಲ್ಕು ಸುತ್ತು. ಪ್ರತಿ ಸುತ್ತಿನಲ್ಲೂ ಕಣ್ಣು ಸರಿಯುವ ವೇಗ ಅಳೆಯುತ್ತಾರೆ. ಕೆಲವರು ನೀರಿನ ಬದಲು ಗಾಳಿ ಊದುತ್ತಾರೆ. ಆಗ ಬಿಸಿಯ ಲೆಕ್ಕವೇ ಬೇರೆ.

ಎರಡನೆಯ ಲ್ಯಾಬಿನ ರಿಪೋರ್ಟಿನಲ್ಲಿ ಆ ವೇಗದ ನಾಲ್ಕೂ ಸಂಖ್ಯೆಗಳಿದ್ದವು. ಬಲಕ್ಕೆ 14 ಮತ್ತು 12, ಎಡಕ್ಕೆ 16 ಮತ್ತು 14. ಅಂದರೆ 26 ಮತ್ತು 30. ವ್ಯತ್ಯಾಸ 4, ಒಟ್ಟು 56. ವ್ಯತ್ಯಾಸವನ್ನು ಒಟ್ಟಿನಿಂದ ಭಾಗಿಸಿದರೆ ಬಲಗಿವಿ ಸುಮಾರು 7 ಪರ್ಸೆಂಟ್ ವೀಕ್. ಈಗ ಆ ಮೊದಲ 14ನ್ನು ಮಾತ್ರ 4 ಮಾಡಿ ನೋಡಿ. ಬಲ 16, ಎಡ 30. ವ್ಯತ್ಯಾಸ 14, ಒಟ್ಟು 46. ಆಯ್ತಲ್ಲ, 30 ಪರ್ಸೆಂಟ್!

ಒಂದು ಸುತ್ತು ಹಾಗೆ ಕುಸಿಯೋದು ಕಷ್ಟವೇನಲ್ಲ. ಕಿವಿಯಲ್ಲಿ ಗುಗ್ಗೆ ಇದ್ದರೆ, ನೀರು ಸರಿಯಾಗಿ ಒಳಗೆ ಹೋಗದಿದ್ದರೆ, ಕಣ್ಣಿಗೆ ಬೆಳಕು ಕಂಡು ಅದರ ಮೇಲೇ ನೋಟ ನೆಟ್ಟರೆ ಆಗುತ್ತದೆ. ತೂಕಡಿಸಿದರಂತೂ ಕಣ್ಣಿನ ಆಟವೇ ಮಂಕಾಗುತ್ತದೆ. ಮೊದಲ ಲ್ಯಾಬಿಗೆ ದೊಡ್ಡಮ್ಮ ಬೆಳಗಿನ ಜಾವದ ಬಸ್ ಹಿಡಿದು ಹೋಗಿದ್ದರು. ಕತ್ತಲೆ ಕೋಣೆ, ಮೆತ್ತನೆಯ ಮಂಚ. "ಸುಮ್ನೆ ಮಲಗಿಸಿದ್ರು ಕಣಪ್ಪ, ಒಂದು ಜೊಂಪು ಹತ್ತಿತ್ತು" ಅಂತ ಅವರೇ ಹೇಳಿದರು. ಎರಡನೆಯ ಕಡೆ ಟೆಕ್ನೀಶಿಯನ್ ಹುಡುಗಿ ಬಿಡಲಿಲ್ಲ. ಚಿಂತಾಮಣಿಯಿಂದ ಕೋಲಾರದವರೆಗೆ ಬಸ್ ಎಲ್ಲೆಲ್ಲಿ ನಿಲ್ಲುತ್ತೆ ಹೇಳಿ ಅಂತ ಬಾಯಿ ಬಿಡಿಸುತ್ತಲೇ ಇದ್ದಳಂತೆ. ಅದು ಹರಟೆಯಲ್ಲ, ಪರೀಕ್ಷೆಯ ಭಾಗವೇ. ಎಚ್ಚರವಾಗಿಡಲು ಲೆಕ್ಕವನ್ನೋ ಹೆಸರುಗಳನ್ನೋ ಕೇಳುತ್ತಿರಬೇಕು. ತಲೆಸುತ್ತಿನ ಮಾತ್ರೆಯ ಕಥೆ ಬೇರೆ. ಅದು ಎರಡೂ ಕಿವಿಯ ಉತ್ತರವನ್ನು ಒಟ್ಟಿಗೆ ತಗ್ಗಿಸುತ್ತದೆ. ಅದಕ್ಕೇ ಡಾಕ್ಟರನ್ನು ಕೇಳಿ ಮೊದಲೇ ನಿಲ್ಲಿಸುವುದು.

ಎಷ್ಟು ದಾಟಿದರೆ ವೀಕ್ ಅನ್ನೋದರಲ್ಲೂ ಎಲ್ಲರದೂ ಒಂದೇ ಗೆರೆಯಲ್ಲ. ಕೆಲವರಿಗೆ 20, ಕೆಲವರಿಗೆ 25. 22 ಬಂದರೆ ಒಂದು ಕಡೆ ರೋಗಿ, ಇನ್ನೊಂದು ಕಡೆ ನಾರ್ಮಲ್ ಅಲ್ವಾ?

ಜೊಂಪು ಹತ್ತಿದ್ದೇ ಕಾರಣ ಎಂಬುದು ನನ್ನ ಅನುಮಾನ, ಅಷ್ಟೇ. ಮೊದಲ ರಿಪೋರ್ಟಿನಲ್ಲಿ ಇದ್ದದ್ದು 30 ಮಾತ್ರ. ಉಳಿದ ನಾಲ್ಕು ಸಂಖ್ಯೆ ಕೇಳೋಣವೆಂದು ನಾನೇ ಹೋದೆ. ಕೌಂಟರಿನವರು ಕಂಪ್ಯೂಟರ್ ನೋಡಿ, "ಅದೆಲ್ಲ ಇಟ್ಕೊಳ್ಳಲ್ಲ ಸಾರ್" ಎಂದರು.